ಮಗುವಿನ ಗಮನ ನಿಲ್ಲದಿದ್ದರೆ ಕಾರಣ ಬೆಳೆಸಿದ ರೀತಿಯೋ, ಹುಟ್ಟಿನಿಂದ ಬಂದದ್ದೋ?

ತುಂಗಾತೀರ (ಶಿವಮೊಗ್ಗ):
ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಎಂಟು ವರ್ಷ, ಮೂರನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಕುಳಿತಲ್ಲಿ ಕೂರುವುದಿಲ್ಲ, ಹೇಳುವ ಮಾತು ಮುಗಿಯುವ ಮೊದಲೇ ಎದ್ದು ಓಡುತ್ತಾನೆ, ನೋಟ್‌ಬುಕ್ಕಿನ ತುಂಬ ಅರ್ಧಕ್ಕೆ ಬಿಟ್ಟ ಸಾಲುಗಳೇ ಇವೆ. ಯುಕೆಜಿಯಿಂದಲೂ ಹೀಗೆಯೇ. ಮಕ್ಕಳ ವೈದ್ಯರು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಇರಬಹುದು ಎಂದು ಹೇಳಿ, ಮನೆಯವರಿಗೊಂದು, ಶಾಲೆಯವರಿಗೊಂದು ಪ್ರಶ್ನಾವಳಿ ಕೊಟ್ಟಿದ್ದಾರೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ತೀರ್ಪು. ನಾನು ಕೆಲಸಕ್ಕೆ ಹೋಗಿ ಮಗುವನ್ನು ಹಾಳು ಮಾಡಿದೆ ಎಂದು ಅತ್ತೆಯವರು ಹೇಳುತ್ತಾರೆ. ಎಂಟು ತಿಂಗಳಿಗೇ ಹುಟ್ಟಿದ ಕೂಸು, ತೂಕವೂ ಕಡಿಮೆ ಇತ್ತು, ಅದಕ್ಕೇ ಹೀಗೆ ಎಂದು ನನ್ನ ತಾಯಿ ಹೇಳುತ್ತಾರೆ. ನಾನೂ ಚಿಕ್ಕಂದಿನಲ್ಲಿ ಹೀಗೇ ಇದ್ದೆ, ಈಗ ಚೆನ್ನಾಗಿಲ್ಲವೇ ಎಂದು ಯಜಮಾನರು ಕೇಳುತ್ತಾರೆ. ಇವರಲ್ಲಿ ಯಾರ ಮಾತಿಗೆ ಆಧಾರವಿದೆ? ನಾನು ಬೆಳೆಸಿದ ರೀತಿಯೇ ಕಾರಣವಾಗಿದ್ದರೆ ತಿದ್ದಿಕೊಳ್ಳಲು ಸಿದ್ಧಳಿದ್ದೇನೆ. ಆದರೆ ಏನನ್ನು ತಿದ್ದಿಕೊಳ್ಳಬೇಕು ಎಂಬುದೇ ತಿಳಿಯುತ್ತಿಲ್ಲ.

ನಿವೃತ್ತ ಮೇಷ್ಟ್ರು (ಹಾಸನ):
ಅಮ್ಮಾ, ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಮಾಡಿದವನು. ಆಗ ತುಂಟರಿದ್ದರು, ದಡ್ಡರೆನಿಸಿಕೊಂಡವರಿದ್ದರು, ಆದರೆ ಈ ಇಂಗ್ಲಿಷ್ ಅಕ್ಷರಗಳ ಕಾಯಿಲೆ ಒಬ್ಬರಿಗೂ ಇರಲಿಲ್ಲ. ಮನೆಯಲ್ಲಿ ಹಿರಿಯರ ಭಯವಿತ್ತು, ಶಾಲೆಯಲ್ಲಿ ಶಿಸ್ತಿತ್ತು. ಈಗ ಊಟ ಮಾಡಿಸುವುದಕ್ಕೂ ಮೊಬೈಲ್ ಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ, ಆದರೆ ಬೆಳೆಸುವ ರೀತಿಯನ್ನು ಬಿಟ್ಟು ಬೇರೆಲ್ಲೋ ಕಾರಣ ಹುಡುಕುವುದು ನನಗೆ ಸರಿಕಾಣುವುದಿಲ್ಲ.

ಸಂಪಿಗೆ:
ಮೇಷ್ಟ್ರ ಮಾತು ನೂರಕ್ಕೆ ನೂರು ನಿಜ.

ಮಕ್ಕಳ ವೈದ್ಯ (ಧಾರವಾಡ):
ಮೇಷ್ಟ್ರೇ, ನಿಮ್ಮ ಅನುಭವದ ಬಗ್ಗೆ ಗೌರವವಿದೆ, ಆದರೆ ಇದು ಹೊಸ ಕಾಯಿಲೆ ಎಂಬ ಮಾತನ್ನು ಒಪ್ಪಲಾಗದು. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿಯೇ ಇಂಥ 43 ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಅವರಲ್ಲಿ ಹಲವರು ಚೆನ್ನಾಗಿ ನೋಡಿಕೊಳ್ಳುವ ಮನೆಗಳಿಂದ ಬಂದವರು ಎಂಬುದನ್ನೂ ಗುರುತಿಸಿದ್ದರು. ಆಗ ಮೊಬೈಲೂ ಇರಲಿಲ್ಲ, ಟಿವಿಯೂ ಇರಲಿಲ್ಲ. ಶಾಲೆಗಳಲ್ಲಿ ಬೆತ್ತಕ್ಕಂತೂ ಕೊರತೆಯಿರಲಿಲ್ಲ. ನಿಮ್ಮ ಕಾಲದಲ್ಲೂ ಈ ಮಕ್ಕಳು ಇದ್ದರು. ಬಹುಪಾಲು ಜನ ಐದನೆಯ ಅಥವಾ ಏಳನೆಯ ತರಗತಿಗೆ ಶಾಲೆ ಬಿಟ್ಟು ಹೋಗುತ್ತಿದ್ದರು, ಆದ್ದರಿಂದ ಲೆಕ್ಕಕ್ಕೆ ಸಿಗಲಿಲ್ಲ.

ತುಂಗಾತೀರ ಅವರೇ, ನಿಮ್ಮ ಮನೆಯ ಮೂರು ತೀರ್ಪುಗಳಲ್ಲಿ ನಿಮ್ಮ ಯಜಮಾನರ ಮಾತಿಗೆ ಹೆಚ್ಚಿನ ಆಧಾರವಿದೆ. ಅವಳಿ ಮಕ್ಕಳ ಅಧ್ಯಯನಗಳಲ್ಲಿ ಎಡಿಎಚ್‌ಡಿಯ ಆನುವಂಶಿಕತೆ ಶೇಕಡಾ 70ರಿಂದ 80ರಷ್ಟು ಕಂಡುಬಂದಿದೆ. ಒಂದೇ ಒಂದು ವಂಶವಾಹಿಯಿಂದ ಬರುವ ತೊಂದರೆ ಇದಲ್ಲ. ಚಿಕ್ಕಚಿಕ್ಕ ಪ್ರಭಾವ ಬೀರುವ ಅನೇಕ ವಂಶವಾಹಿಗಳು ಸೇರಿ ಆಗುವುದು. ನಿಮ್ಮ ತಾಯಿಯವರ ಮಾತೂ ಸುಳ್ಳಲ್ಲ. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿದ್ದ ಮಕ್ಕಳಲ್ಲಿ ಗಮನದ ತೊಂದರೆ ಹೆಚ್ಚು, ಎಷ್ಟು ಬೇಗ ಹುಟ್ಟಿದರೋ ಅಷ್ಟು ಹೆಚ್ಚು. ಹಾಗೆಂದು ಎಂಟು ತಿಂಗಳಿಗೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಇದು ಬರುವುದಿಲ್ಲ ಎಂಬುದನ್ನೂ ನೆನಪಿಡಬೇಕು.

ಮಿದುಳಿನ ಬೆಳವಣಿಗೆಯಲ್ಲೂ ವ್ಯತ್ಯಾಸ ಕಾಣುತ್ತದೆ. 2007ರಲ್ಲಿ ಅಮೆರಿಕದ ಫಿಲಿಪ್ ಶಾ ಮತ್ತು ಸಂಗಡಿಗರು ಮಕ್ಕಳ ಮಿದುಳಿನ ಹೊರಪದರದ ದಪ್ಪವನ್ನು ವರ್ಷಗಳ ಕಾಲ ಎಂಆರ್‌ಐ ಮೂಲಕ ಅಳೆದರು. ಆ ಪದರ ಗರಿಷ್ಠ ದಪ್ಪಕ್ಕೆ ತಲುಪುವ ವಯಸ್ಸು ಸಾಮಾನ್ಯ ಮಕ್ಕಳಲ್ಲಿ ಸುಮಾರು ಏಳೂವರೆ, ಎಡಿಎಚ್‌ಡಿ ಇರುವವರಲ್ಲಿ ಸುಮಾರು ಹತ್ತೂವರೆ ವರ್ಷ. ಗಮನ ಮತ್ತು ಸಂಯಮಕ್ಕೆ ಬೇಕಾದ ಮುಂಭಾಗದಲ್ಲಿ ಈ ವಿಳಂಬ ಎದ್ದುಕಾಣುತ್ತಿತ್ತು. ಎಂಟು ವರ್ಷದ ಮಗುವಿನಿಂದ ಎಂಟು ವರ್ಷದ ಸಂಯಮವನ್ನೇ ನಿರೀಕ್ಷಿಸಿ ಬೈಯುವವರು ಇದನ್ನು ತಿಳಿದಿರಬೇಕು.

ಹಾವೇರಿ ಶಿಕ್ಷಕಿ:
ತರಗತಿಯಲ್ಲಿ ನಾನು ಕಂಡ ಒಂದು ವಿಷಯವನ್ನು ಸೇರಿಸುತ್ತೇನೆ. ಒಂದನೆಯ ತರಗತಿಯಲ್ಲಿ "ಗಮನವಿಲ್ಲ" ಎಂದು ನಾವು ಗುರುತು ಹಾಕುವ ಮಕ್ಕಳಲ್ಲಿ ಅನೇಕರು ಆ ತರಗತಿಯಲ್ಲೇ ಕಿರಿಯರು. ಆರು ವರ್ಷ ತುಂಬಿರಬೇಕು ಎಂಬ ನಿಯಮ ನಮ್ಮ ರಾಜ್ಯದಲ್ಲಿ ಬಂದಿತು. ಪೋಷಕರ ಒತ್ತಾಯದ ಮೇಲೆ 2025-26ನೇ ಸಾಲಿಗೆ ಐದು ವರ್ಷ ಐದು ತಿಂಗಳಿಗೆ ಸಡಿಲಿಸಲಾಯಿತು. ಐದೂವರೆ ವರ್ಷದ ಮಗುವನ್ನು ಆರೂವರೆ ವರ್ಷದ ಮಗುವಿನ ಪಕ್ಕ ಕೂರಿಸಿ ಇಬ್ಬರಿಗೂ ಒಂದೇ ಅಳತೆ ಹಿಡಿಯುವುದು ನ್ಯಾಯವಲ್ಲ. ಮಗು ಒಂದು ವರ್ಷ ಕಳೆದುಕೊಳ್ಳುತ್ತದೆ ಎಂದು ಪೋಷಕರು ಹೆದರುತ್ತಾರೆ. ಬೇಗ ಸೇರಿಸಿದ್ದರಿಂದ ಅದು ಏನನ್ನು ಕಳೆದುಕೊಳ್ಳಬಹುದು ಎಂದು ಕೇಳುವವರು ಕಡಿಮೆ.

ಕೆನಡಾ ಕನ್ನಡಿಗ:
ಶಿಕ್ಷಕಿಯವರ ಮಾತಿಗೆ ನಾನಿರುವ ದೇಶದಿಂದಲೇ ಪುರಾವೆ ಇದೆ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಶಾಲಾ ಪ್ರವೇಶದ ಗಡಿ ಡಿಸೆಂಬರ್ 31. 2012ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದ ಪ್ರಕಾರ, ಡಿಸೆಂಬರಿನಲ್ಲಿ ಹುಟ್ಟಿ ತರಗತಿಗೆ ಕಿರಿಯರಾದ ಹುಡುಗರಿಗೆ ಎಡಿಎಚ್‌ಡಿ ಎಂಬ ನಿರ್ಣಯ ಸಿಕ್ಕ ಪ್ರಮಾಣವು ಜನವರಿಯಲ್ಲಿ ಹುಟ್ಟಿದವರಿಗಿಂತ ಶೇಕಡಾ 30ರಷ್ಟು ಹೆಚ್ಚು, ಹುಡುಗಿಯರಲ್ಲಿ ಶೇಕಡಾ 70ರಷ್ಟು ಹೆಚ್ಚು. ಹುಟ್ಟಿದ ತಿಂಗಳಿನಿಂದ ಮಿದುಳಿನ ತೊಂದರೆ ಬರುವುದಿಲ್ಲವಲ್ಲ! ಹಾಗಾಗಿ ವೈದ್ಯರ ನಿರ್ಣಯವನ್ನೂ ಕಣ್ಣುಮುಚ್ಚಿ ನಂಬಬಾರದು ಎಂದು ನನ್ನ ಅಭಿಪ್ರಾಯ.

ಮಕ್ಕಳ ವೈದ್ಯ (ಧಾರವಾಡ):
ಕಣ್ಣುಮುಚ್ಚಿ ನಂಬಬೇಡಿ, ಆದರೆ ನಿರ್ಣಯಕ್ಕೆ ಕ್ರಮವಿದೆ ಎಂಬುದನ್ನು ಮರೆಯಬೇಡಿ. ಲಕ್ಷಣಗಳು ಕನಿಷ್ಠ ಆರು ತಿಂಗಳಿನಿಂದ ಇರಬೇಕು, 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಗಳಲ್ಲಾದರೂ ಕಾಣಬೇಕು, ಮಗುವಿನ ವಯಸ್ಸಿಗೆ ಮೀರಿದ್ದಾಗಿರಬೇಕು. ತುಂಗಾತೀರ ಅವರ ವೈದ್ಯರು ಎರಡು ಪ್ರಶ್ನಾವಳಿ ಕೊಟ್ಟಿರುವುದು ಇದೇ ಕಾರಣಕ್ಕೆ.

ನಿವೃತ್ತ ಮೇಷ್ಟ್ರು (ಹಾಸನ):
ಡಾಕ್ಟ್ರೇ, ಶೇಕಡಾ 75 ಹುಟ್ಟಿನಿಂದಲೇ ಬರುತ್ತದೆ ಎಂದಾದರೆ ತಂದೆತಾಯಿಗೂ ಶಿಕ್ಷಕರಿಗೂ ಉಳಿಯುವುದು ಕಾಲುಭಾಗ ಮಾತ್ರವೇ? ಇದು ಜವಾಬ್ದಾರಿಯಿಂದ ನುಣುಚಿಕೊಳ್ಳುವ ದಾರಿಯಾಗುವುದಿಲ್ಲವೇ?

ಆಪ್ತಸಮಾಲೋಚಕಿ (ಮೈಸೂರು):
ಮೇಷ್ಟ್ರು ಕೇಳಿದ್ದು ಬಹಳ ಮುಖ್ಯವಾದ ಪ್ರಶ್ನೆ, ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಆನುವಂಶಿಕತೆಯ ಶೇಕಡಾವಾರು ಒಂದು ಜನಸಮುದಾಯದ ವ್ಯಕ್ತಿಗಳ ನಡುವಿನ ವ್ಯತ್ಯಾಸವನ್ನು ಅಳೆಯುತ್ತದೆ. ಒಂದು ಮಗುವಿನ ಸ್ವಭಾವದಲ್ಲಿ ಮುಕ್ಕಾಲು ಪಾಲು ವಂಶವಾಹಿ, ಕಾಲು ಪಾಲು ಪೋಷಣೆ ಎಂದು ಅದನ್ನು ಓದಬಾರದು. ಎತ್ತರವೂ ಬಹುಮಟ್ಟಿಗೆ ಆನುವಂಶಿಕವೇ. ಆದರೂ ಪೌಷ್ಟಿಕ ಆಹಾರ ಸಿಕ್ಕ ಪೀಳಿಗೆ ಅಪ್ಪ ಅಜ್ಜಂದಿರಿಗಿಂತ ಎತ್ತರ ಬೆಳೆಯುತ್ತದೆ.

ಪರಿಸರ ತೀರಾ ಹದಗೆಟ್ಟಾಗ ಏನಾಗುತ್ತದೆ ಎಂಬುದಕ್ಕೆ ರುಮೇನಿಯಾದ ಉದಾಹರಣೆಯಿದೆ. 1989ರಲ್ಲಿ ಅಲ್ಲಿನ ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತ ಕುಸಿದ ಮೇಲೆ ಅಲ್ಲಿನ ಅನಾಥಾಲಯಗಳ ಮಕ್ಕಳನ್ನು ಬ್ರಿಟನ್ನಿನ ಕುಟುಂಬಗಳು ದತ್ತು ತೆಗೆದುಕೊಂಡವು. ಎತ್ತಿಕೊಳ್ಳುವವರಿಲ್ಲದೆ, ಮಾತನಾಡಿಸುವವರಿಲ್ಲದೆ ತೊಟ್ಟಿಲಲ್ಲೇ ಬಿದ್ದಿದ್ದ ಶಿಶುಗಳು ಅವು. ಬ್ರಿಟನ್ನಿನ ಮನೋವೈದ್ಯ ಮೈಕೆಲ್ ರಟ್ಟರ್ ಮತ್ತು ಸಂಗಡಿಗರು ಅವರನ್ನು ದೊಡ್ಡವರಾಗುವವರೆಗೂ ಗಮನಿಸಿದರು. ಆರು ತಿಂಗಳೊಳಗೆ ದತ್ತು ಹೋದವರು ಬಹುತೇಕ ಬ್ರಿಟನ್ನಿನಲ್ಲೇ ಹುಟ್ಟಿ ದತ್ತು ಹೋದ ಮಕ್ಕಳಂತೆಯೇ ಬೆಳೆದರು. ಅದಕ್ಕಿಂತ ಹೆಚ್ಚು ಕಾಲ ಅಲ್ಲಿದ್ದವರಲ್ಲಿ ಗಮನದ ಕೊರತೆ, ಅಪರಿಚಿತರೊಡನೆ ಮಿತಿಯಿಲ್ಲದ ಸಲಿಗೆ ಮುಂತಾದ ತೊಂದರೆಗಳು ಪ್ರೀತಿಯ ಮನೆ ಸಿಕ್ಕ ಮೇಲೂ ಅನೇಕರಲ್ಲಿ ಉಳಿದವು. ಅಂದರೆ ಮೊದಲ ತಿಂಗಳುಗಳ ಆರೈಕೆ ಮಿದುಳಿಗೆ ನೇರವಾಗಿ ಮುಟ್ಟುತ್ತದೆ. ಆದರೆ ಅದು ಘೋರವಾದ ಅನಾದರ. ಕೆಲಸಕ್ಕೆ ಹೋಗುವ ತಾಯಿಯ ಮಗು ಅಜ್ಜಿಯ ಮಡಿಲಲ್ಲೋ ಶಿಶುವಿಹಾರದಲ್ಲೋ ಬೆಳೆಯುವುದನ್ನು ಅದಕ್ಕೆ ಹೋಲಿಸುವುದು ಅನ್ಯಾಯ. ತುಂಗಾತೀರ ಅವರ ಅತ್ತೆಯವರಿಗೆ ಇದನ್ನು ದಯವಿಟ್ಟು ಓದಿ ಹೇಳಿ.

ಸಂಪಿಗೆ:
ಹಾಗಾದರೆ ಸಾಮಾನ್ಯ ಮನೆಗಳಲ್ಲಿ ಬೆಳೆಸುವ ರೀತಿಯಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲವೇ? ನಮ್ಮ ಪಕ್ಕದ ಮನೆಯಲ್ಲಿ ದಿನವೂ ಕೂಗಾಟ, ಆ ಮಗುವಿನ ಹಠ ನೋಡಲಾಗುವುದಿಲ್ಲ.

ಆಪ್ತಸಮಾಲೋಚಕಿ (ಮೈಸೂರು):
ಖಂಡಿತ ಆಗುತ್ತದೆ, ಆದರೆ ಎಲ್ಲಿ ಆಗುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ಗಮನ ನಿಲ್ಲದಿರುವುದು ಒಂದು, ಎದುರು ಮಾತು, ಹಠ, ಹೊಡೆದಾಟ ಇನ್ನೊಂದು. ಎರಡನೆಯದರಲ್ಲಿ ಮನೆಯ ಪಾತ್ರ ಬಹಳ ದೊಡ್ಡದು. ಅಮೆರಿಕದ ಆರೆಗಾನಿನ ಮನೋವಿಜ್ಞಾನಿ ಜೆರಾಲ್ಡ್ ಪ್ಯಾಟರ್ಸನ್ ಕುಟುಂಬಗಳ ಮನೆಗೇ ಹೋಗಿ ಕುಳಿತು ಇದನ್ನು ದಾಖಲಿಸಿದವರು. ತಾಯಿ ಒಂದು ಕೆಲಸ ಹೇಳುತ್ತಾಳೆ, ಮಗು ಕಿರುಚುತ್ತದೆ, ತಾಯಿ ಇನ್ನಷ್ಟು ಗದರುತ್ತಾಳೆ, ಮಗು ನೆಲಕ್ಕೆ ಬಿದ್ದು ಹೊರಳಾಡುತ್ತದೆ, ಸಾಕಾಗಿ ತಾಯಿ ಸುಮ್ಮನಾಗುತ್ತಾಳೆ. ಜೋರಾಗಿ ಕಿರುಚಿದರೆ ಕೆಲಸ ತಪ್ಪುತ್ತದೆ ಎಂದು ಮಗು ಕಲಿಯಿತು. ಇನ್ನೊಂದು ದಿನ ತಾಯಿ ಏಟು ಕೊಡುತ್ತಾಳೆ, ಮಗು ಸುಮ್ಮನಾಗುತ್ತದೆ. ಹೊಡೆದರೆ ಮಾತ್ರ ಕೇಳುತ್ತದೆ ಎಂದು ತಾಯಿ ಕಲಿತಳು. ಇಬ್ಬರೂ ಒಬ್ಬರಿಗೊಬ್ಬರು ಕೆಟ್ಟ ಪಾಠ ಹೇಳಿಕೊಟ್ಟರು, ಇಬ್ಬರಲ್ಲಿ ಒಬ್ಬರೂ ಕೆಟ್ಟವರಲ್ಲ.

ಇಲ್ಲಿ ಕಾರಣ ಒಂದೇ ದಿಕ್ಕಿನಲ್ಲಿ ಹರಿಯುವುದಿಲ್ಲ. 1979ರಲ್ಲಿ ಮನೋವಿಜ್ಞಾನಿಗಳಾದ ರಸೆಲ್ ಬಾರ್ಕ್ಲಿ ಮತ್ತು ಚಾರ್ಲ್ಸ್ ಕನ್ನಿಂಗ್‌ಹ್ಯಾಮ್ ಅತಿಚಟುವಟಿಕೆಯ ಮಕ್ಕಳಿಗೆ ಔಷಧ ಕೊಟ್ಟಾಗ ಮತ್ತು ಹುಸಿ ಮಾತ್ರೆ ಕೊಟ್ಟಾಗ ತಾಯಂದಿರ ನಡವಳಿಕೆ ಹೇಗಿರುತ್ತದೆ ಎಂದು ಗಮನಿಸಿದರು. ಔಷಧದಿಂದ ಮಗು ಹೇಳಿದ್ದನ್ನು ಕೇಳತೊಡಗಿದಾಗ ತಾಯಿಯ ಆಜ್ಞೆಗಳು ತಾವಾಗಿಯೇ ಕಡಿಮೆಯಾದವು. ಮಾತ್ರೆ ನುಂಗಿದ್ದು ಮಗು, ಬದಲಾದದ್ದು ತಾಯಿ. ಬೀದಿಯಲ್ಲಿ ನಿಂತು ಗದರುವ ತಾಯಿಯನ್ನು ಕಂಡು "ಇವಳು ಹೀಗಿರುವುದರಿಂದಲೇ ಮಗು ಹಾಗೆ" ಎಂದು ನಾವು ತೀರ್ಪು ಕೊಡುವಾಗ ಇದರ ತಿರುವುಮುರುವೂ ನಿಜವಿರಬಹುದು ಎಂದು ಯೋಚಿಸುವುದಿಲ್ಲ.

ಇಬ್ಬರ ತಂದೆ (ಬೆಂಗಳೂರು):
ನನ್ನ ಮೊದಲ ಮಗಳು ಶಾಂತ ಸ್ವಭಾವದವಳು, ಎರಡನೆಯವನು ಬಿರುಗಾಳಿ. ಒಂದೇ ಮನೆ, ಅದೇ ತಂದೆತಾಯಿ, ಅದೇ ನಿಯಮಗಳು. ಮೊದಲ ಮಗಳನ್ನು ನೋಡಿ ನಮ್ಮನ್ನು ಹೊಗಳಿದ ನೆಂಟರೇ ಎರಡನೆಯವನನ್ನು ನೋಡಿ ಬುದ್ಧಿ ಹೇಳುತ್ತಾರೆ.

ಕರಾವಳಿ ಹುಡುಗ:
ಸಕ್ಕರೆಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಹುಟ್ಟುಹಬ್ಬದ ಕೇಕ್ ತಿಂದ ಮೇಲೆ ನನ್ನ ಅಕ್ಕನ ಮಕ್ಕಳು ಮನೆಯನ್ನೇ ತಲೆಕೆಳಗು ಮಾಡುತ್ತಾರೆ. ಗೋಬಿ ಮಂಚೂರಿಗೆ ಹಾಕುವ ಬಣ್ಣವನ್ನು ಸರ್ಕಾರ ನಿಷೇಧಿಸಿದ್ದೂ ಇದಕ್ಕೇ ಅಲ್ಲವೇ?

ಮಕ್ಕಳ ವೈದ್ಯ (ಧಾರವಾಡ):
ಎರಡನ್ನೂ ಬೇರೆಬೇರೆಯಾಗಿ ನೋಡೋಣ. ಸಕ್ಕರೆಯಿಂದ ಅತಿಚಟುವಟಿಕೆ ಬರುತ್ತದೆ ಎಂಬುದು ಪರೀಕ್ಷೆಗಳಲ್ಲಿ ನಿಂತಿಲ್ಲ. 1994ರ ಒಂದು ಪ್ರಯೋಗದಲ್ಲಿ ಎಲ್ಲ ಮಕ್ಕಳಿಗೂ ಸಕ್ಕರೆಯಿಲ್ಲದ ಪಾನೀಯವನ್ನೇ ಕೊಟ್ಟು, ಅರ್ಧದಷ್ಟು ತಾಯಂದಿರಿಗೆ ಮಾತ್ರ "ನಿಮ್ಮ ಮಗನಿಗೆ ಸಕ್ಕರೆ ಕೊಟ್ಟಿದ್ದೇವೆ" ಎಂದು ಹೇಳಲಾಯಿತು. ಆ ತಾಯಂದಿರಿಗೆ ತಮ್ಮ ಮಗ ಹೆಚ್ಚು ಚಟುವಟಿಕೆಯವನಾಗಿ ಕಂಡ. ಅವರು ಅವನನ್ನು ಹೆಚ್ಚು ಟೀಕಿಸಿದರು ಕೂಡ. ಕೇಕಿನ ಜೊತೆಗೆ ಹುಟ್ಟುಹಬ್ಬದ ಗದ್ದಲವೂ ಇರುತ್ತದೆ ಎಂಬುದನ್ನು ನೆನೆಯಿರಿ.

ಬಣ್ಣದ ವಿಷಯ ಹಾಗಲ್ಲ. ಕರ್ನಾಟಕದಲ್ಲಿ 2024ರ ಮಾರ್ಚಿನಲ್ಲಿ ಬಾಂಬೆ ಮಿಠಾಯಿ ಮತ್ತು ಗೋಬಿ ಮಂಚೂರಿಯ ಮೇಲೆ ಕ್ರಮ ಕೈಗೊಂಡದ್ದು ರೋಡಮಿನ್-ಬಿಯಂಥ ಹಾನಿಕಾರಕ ಬಣ್ಣಗಳ ಕಾರಣಕ್ಕೆ. ಅಲ್ಲಿದ್ದ ಭಯ ಮುಖ್ಯವಾಗಿ ಕ್ಯಾನ್ಸರಿನದು. ಆದರೆ ಇಂಗ್ಲೆಂಡಿನ 2007ರ ಸೌತಾಂಪ್ಟನ್ ಅಧ್ಯಯನದಲ್ಲಿ ಕೆಲವು ಕೃತಕ ಬಣ್ಣಗಳ ಮಿಶ್ರಣದಿಂದ ಸಾಮಾನ್ಯ ಮಕ್ಕಳಲ್ಲೂ ಚಟುವಟಿಕೆ ತುಸು ಹೆಚ್ಚಿದ್ದು ಕಂಡಿತು, 2010ರಿಂದ ಯುರೋಪಿನಲ್ಲಿ ಅಂಥ ತಿನಿಸುಗಳ ಮೇಲೆ ಎಚ್ಚರಿಕೆ ಮುದ್ರಿಸುತ್ತಾರೆ. ಪರಿಣಾಮ ಚಿಕ್ಕದು. ಬಣ್ಣದ ತಿನಿಸು ಬಿಡಿಸಿದರೆ ನಷ್ಟವೇನೂ ಇಲ್ಲ, ಅದರಿಂದಲೇ ಎಡಿಎಚ್‌ಡಿ ವಾಸಿಯಾಗುತ್ತದೆ ಎಂದು ಕಾಯಬಾರದು, ಅಷ್ಟೆ.

ಬಯಲುಸೀಮೆ (ರಾಯಚೂರು):
ವಂಶವಾಹಿ, ಮಿದುಳು ಎಂದು ದೊಡ್ಡ ಮಾತುಗಳ ನಡುವೆ ಸಣ್ಣ ಪರೀಕ್ಷೆಗಳು ಮರೆತುಹೋಗುತ್ತಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಂದಿಗೆ ರಕ್ತಹೀನತೆ ಇದೆ. ನಾನು ಆರೋಗ್ಯ ಇಲಾಖೆಯ ಕೆಲಸದಲ್ಲಿ ಹಳ್ಳಿಗಳಿಗೆ ಹೋಗುವವಳು. ಹಿಮೋಗ್ಲೋಬಿನ್ ತೀರಾ ಕಡಿಮೆಯಿರುವ ಮಗು ತರಗತಿಯಲ್ಲಿ ಮಂಕಾಗಿ ಕೂರುತ್ತದೆ, ಸಣ್ಣದಕ್ಕೂ ರೇಗುತ್ತದೆ. ಅದನ್ನು ನೋಡಿ "ಓದಿನಲ್ಲಿ ಆಸಕ್ತಿಯಿಲ್ಲ" ಎಂದು ಬರೆಯುತ್ತಾರೆ. ಕಿವಿ ಸೋರುವ ಮಗುವಿಗೆ ಪಾಠ ಕೇಳಿಸುವುದಿಲ್ಲ, ಕನ್ನಡಕ ಬೇಕಾದ ಮಗುವಿಗೆ ಹಲಗೆ ಕಾಣುವುದಿಲ್ಲ. ಮೊದಲು ಇವನ್ನು ನೋಡಬೇಕು ಎಂಬುದು ನನ್ನ ಗಟ್ಟಿಯಾದ ಮಾತು.

ಸೀಸದ ವಿಷಯವನ್ನೂ ಹೇಳಲೇಬೇಕು. ಬೆಳೆಯುವ ಮಿದುಳಿಗೆ ಸೀಸ ವಿಷ. ಹಾಲುಹಲ್ಲುಗಳಲ್ಲಿ ಸೀಸ ಹೆಚ್ಚಿದ್ದ ಮಕ್ಕಳು ತರಗತಿಯಲ್ಲಿ ಹೆಚ್ಚು ಚಂಚಲರಾಗಿದ್ದರು ಎಂದು ಅಮೆರಿಕದ ಹರ್ಬರ್ಟ್ ನೀಡಲ್‌ಮನ್ 1979ರಲ್ಲೇ ತೋರಿಸಿದರು. ನಮ್ಮಲ್ಲಿ ಪೆಟ್ರೋಲಿನಿಂದ ಸೀಸ ಹೋಗಿದ್ದು 2000ದಲ್ಲಿ, ಮನೆಯ ಬಣ್ಣಕ್ಕೆ ಹತ್ತು ಲಕ್ಷಕ್ಕೆ 90 ಭಾಗದ ಮಿತಿ ಜಾರಿಯಾದದ್ದು 2017ರಲ್ಲಿ. ಅದಕ್ಕೆ ಮೊದಲು ಬಳಿದ ಬಣ್ಣ ಹಳೆಯ ಕಿಟಕಿ ಬಾಗಿಲುಗಳಲ್ಲಿ ಇನ್ನೂ ಇದೆ. ಹಳೆಯ ಬ್ಯಾಟರಿ ಒಡೆದು ಕರಗಿಸುವ ಕಡೆಗಳಲ್ಲಿ, ಬಣ್ಣ ಬೆರೆಸಿದ ಅರಿಸಿನದಲ್ಲಿ, ಸುರ್ಮಾದಲ್ಲಿ ಸೀಸ ಸಿಗುತ್ತದೆ. ಅಂಥ ಸಂಪರ್ಕವಿರುವ ಮಗುವಿನ ರಕ್ತದ ಸೀಸವನ್ನು ಅಳೆಸಬೇಕು.

ಕೆನಡಾ ಕನ್ನಡಿಗ:
ನಿದ್ದೆಯನ್ನೂ ಆ ಸಾಲಿಗೆ ಸೇರಿಸಿ. ಬಾಯಿ ತೆರೆದು ಗೊರಕೆ ಹೊಡೆಯುವ ಮಗುವಿಗೆ ಮೂಗಿನ ಹಿಂದಿರುವ ಅಡಿನಾಯ್ಡ್ ಗ್ರಂಥಿ ದೊಡ್ಡದಾಗಿರಬಹುದು. ನಿದ್ದೆ ಸಾಲದ ದೊಡ್ಡವರು ತೂಕಡಿಸುತ್ತಾರೆ, ಮಕ್ಕಳು ಕುಣಿಯುತ್ತಾರೆ.

ನಿವೃತ್ತ ಮೇಷ್ಟ್ರು (ಹಾಸನ):
ರಕ್ತಹೀನತೆ, ಕಿವಿ, ಕಣ್ಣು ಇವೆಲ್ಲ ಸರಿ, ಒಪ್ಪುವ ಮಾತು. ಆದರೆ ಮೊಬೈಲಿನ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಡಲಿಲ್ಲ.

ಆಪ್ತಸಮಾಲೋಚಕಿ (ಮೈಸೂರು):
ಕೊಡುತ್ತೇನೆ ಸರ್. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, ಐದರವರೆಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ ಎಂಬುದು ಭಾರತೀಯ ಮಕ್ಕಳ ವೈದ್ಯರ ಸಂಘದ ಸಲಹೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಹೆಚ್ಚು ಪರದೆ ನೋಡುವ ಮಕ್ಕಳಲ್ಲಿ ಗಮನದ ತೊಂದರೆ ಹೆಚ್ಚು ಎಂಬ ಸಂಬಂಧ ಕಂಡಿದೆ. ಆದರೆ ಮೊದಲೇ ಚಂಚಲವಾದ ಮಗುವನ್ನು ಕೂರಿಸಲು ಬೇರೆ ದಾರಿ ಕಾಣದೆ ಮೊಬೈಲ್ ಕೈಗೆ ಕೊಡುವ ಮನೆಗಳೂ ಎಷ್ಟೋ ಇವೆ. ಮೊಬೈಲ್ ನಿದ್ದೆಯನ್ನು, ಆಟವನ್ನು, ಮಾತುಕತೆಯನ್ನು ಕಸಿಯುತ್ತದೆ ಎಂಬ ನಿಮ್ಮ ಕಾಳಜಿ ನನ್ನದೂ ಹೌದು.

ತುಂಗಾತೀರ (ಶಿವಮೊಗ್ಗ):
ಎಲ್ಲವನ್ನೂ ಓದಿದೆ, ಯಜಮಾನರಿಗೂ ಓದಿ ಹೇಳಿದೆ. ಎರಡು ಪ್ರಶ್ನೆ ಉಳಿದಿವೆ. ಔಷಧ ಕೊಟ್ಟರೆ ಮಗು ಅದಕ್ಕೆ ಅಂಟಿಕೊಳ್ಳುತ್ತದೆಯೇ? ಔಷಧವಿಲ್ಲದೆ ನಾವೇ ಕಲಿತು ನಡೆದುಕೊಂಡರೆ ಸಾಕಾಗುತ್ತದೆಯೇ?

ಮಕ್ಕಳ ವೈದ್ಯ (ಧಾರವಾಡ):
ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಪೋಷಕರ ತರಬೇತಿಯ ಫಲವನ್ನು ತರಬೇತಿ ಪಡೆದ ಪೋಷಕರಿಂದಲೇ ಕೇಳಿದರೆ ಗಮನ ಸುಧಾರಿಸಿದೆ ಎನ್ನುತ್ತಾರೆ. ಯಾರು ತರಬೇತಿ ಪಡೆದರು ಎಂದು ಗೊತ್ತಿಲ್ಲದವರು ಮಗುವನ್ನು ಅಳೆದಾಗ ಗಮನದಲ್ಲಿ ಆ ಸುಧಾರಣೆ ಬಹುಮಟ್ಟಿಗೆ ಕಾಣುವುದಿಲ್ಲ. ಆದರೆ ಹಠ, ಜಗಳ ಕಡಿಮೆಯಾಗುವುದು ಮತ್ತು ಪೋಷಕರ ನಡವಳಿಕೆ ಹದಗೊಳ್ಳುವುದು ಅಂಥ ಅಳತೆಯಲ್ಲೂ ಉಳಿಯುತ್ತದೆ. ಆದ್ದರಿಂದ ತರಬೇತಿ ವ್ಯರ್ಥವಲ್ಲ, ಮಗು ಮುಂದೆ ಎಂಥ ಹುಡುಗನಾಗುತ್ತಾನೆ ಎಂಬುದು ಬಹಳಷ್ಟು ಅದರ ಮೇಲೆಯೇ ನಿಂತಿದೆ.

ಔಷಧದ ವಿಷಯದಲ್ಲಿ, 1999ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ 579 ಮಕ್ಕಳನ್ನು 14 ತಿಂಗಳು ನೋಡಿದರು. ಚಂಚಲತೆ ಮತ್ತು ಗಮನದ ಮಟ್ಟಿಗೆ ಎಚ್ಚರದಿಂದ ಕೊಟ್ಟ ಔಷಧ ಹೆಚ್ಚು ಫಲಕಾರಿಯಾಗಿತ್ತು. ಔಷಧದ ಜೊತೆ ವರ್ತನೆಯ ತರಬೇತಿಯೂ ಸೇರಿದ್ದ ಗುಂಪಿಗೆ ಕಡಿಮೆ ಪ್ರಮಾಣದ ಔಷಧ ಸಾಕಾಯಿತು. ಮೂರು ವರ್ಷಗಳ ಹೊತ್ತಿಗೆ ಗುಂಪುಗಳ ನಡುವಿನ ಅಂತರ ಕರಗಿತ್ತು ಎಂಬುದನ್ನೂ ಮುಚ್ಚಿಡಬಾರದು. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ನಮ್ಮಲ್ಲಿ ಕಟ್ಟುನಿಟ್ಟಿನ ಷೆಡ್ಯೂಲ್ ಎಕ್ಸ್ ಔಷಧ, ವೈದ್ಯರು ಚೀಟಿಯನ್ನು ಎರಡು ಪ್ರತಿಯಲ್ಲಿ ಬರೆಯಬೇಕು. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟರೆ ಮಕ್ಕಳಿಗೆ ಅದು ಚಟವಾಗುವುದಿಲ್ಲ. ಹಸಿವು ಕಡಿಮೆಯಾಗಬಹುದು, ನಿದ್ದೆ ತಡವಾಗಬಹುದು, ಆದ್ದರಿಂದ ತೂಕ, ಎತ್ತರ, ರಕ್ತದೊತ್ತಡವನ್ನು ನೋಡುತ್ತಿರಬೇಕು.

ಸಂಪಿಗೆ:
ಇಲ್ಲಿ ಮಾತೆಲ್ಲ ಹುಡುಗರದೇ ಆಯಿತು. ನನ್ನ ತಂಗಿ ಯಾರಿಗೂ ತೊಂದರೆ ಕೊಟ್ಟವಳಲ್ಲ, ಕಿಟಕಿಯಾಚೆ ನೋಡುತ್ತ ಕುಳಿತಿರುತ್ತಿದ್ದಳು, ಅಂಕ ಬರುತ್ತಿರಲಿಲ್ಲ. ಕಾಲೇಜಿಗೆ ಬಂದ ಮೇಲೆಯೇ ಗೊತ್ತಾಯಿತು.

ಹಾವೇರಿ ಶಿಕ್ಷಕಿ:
ಸಂಪಿಗೆ ಅವರ ಮಾತು ನಮ್ಮಂಥ ಶಿಕ್ಷಕರಿಗೆ ಮುಟ್ಟಬೇಕಾದದ್ದು. ಗಲಾಟೆ ಮಾಡುವ ಮಗು ನಮ್ಮ ಕಣ್ಣಿಗೆ ಬೀಳುತ್ತದೆ, ಸುಮ್ಮನೆ ಕಳೆದುಹೋಗುವ ಹುಡುಗಿ ಬೀಳುವುದಿಲ್ಲ.

ತುಂಗಾತೀರ ಅವರೇ, ಶಾಲೆಯ ಪ್ರಶ್ನಾವಳಿಯನ್ನು ನಿಮ್ಮ ಮಗನನ್ನು ದಿನವೂ ನೋಡುವ ತರಗತಿ ಶಿಕ್ಷಕರೇ ತುಂಬುವಂತೆ ಕೇಳಿ, ಕಚೇರಿಯಲ್ಲಿ ಕೊಟ್ಟು ಬರಬೇಡಿ. ಮುಂದಿನ ಬೆಂಚು, ಒಂದು ಬಾರಿಗೆ ಒಂದೇ ಸೂಚನೆ, ಬರೆಯುವ ಕೆಲಸವನ್ನು ತುಂಡು ಮಾಡಿ ಕೊಡುವುದು, ನಡುವೆ ಹಲಗೆ ಒರೆಸಲೋ ಪುಸ್ತಕ ಹಂಚಲೋ ಎಬ್ಬಿಸುವುದು, ಇಷ್ಟನ್ನು ಯಾವ ಶಾಲೆಯೂ ಖರ್ಚಿಲ್ಲದೆ ಮಾಡಬಹುದು. ಹೊಡೆಯುವುದು 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ನಿಷಿದ್ಧ ಎಂಬುದನ್ನು ಅವಶ್ಯಬಿದ್ದರೆ ನೆನಪಿಸಿ.

ಬಯಲುಸೀಮೆ (ರಾಯಚೂರು):
ಖಾಸಗಿ ಖರ್ಚು ಭಾರವಾದರೆ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ವಿಚಾರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ತಪಾಸಣೆ ಮಾಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಫೋನಿನಲ್ಲಿ ಕನ್ನಡದಲ್ಲೇ ಸಲಹೆ ಬೇಕಿದ್ದರೆ ಟೆಲಿ ಮಾನಸ್ ಸಂಖ್ಯೆ 14416, ಹಗಲು ರಾತ್ರಿ ಉಚಿತ. ಹೋಗುವಾಗ ತಾಯಿ ಕಾರ್ಡ್ ಮತ್ತು ಹೆರಿಗೆಯ ಡಿಸ್ಚಾರ್ಜ್ ಚೀಟಿಯನ್ನು ತೆಗೆದುಕೊಂಡು ಹೋಗಿ, ಎಷ್ಟು ವಾರಕ್ಕೆ ಹುಟ್ಟಿದ್ದು, ತೂಕ ಎಷ್ಟಿತ್ತು ಎಂದು ಅವರು ಖಂಡಿತ ಕೇಳುತ್ತಾರೆ. ಸಾಧ್ಯವಾದರೆ ಯಜಮಾನರನ್ನೂ ಕರೆದೊಯ್ಯಿರಿ. ಅವರ ಬಾಲ್ಯದ ವಿವರ ವೈದ್ಯರಿಗೆ ಬೇಕಾಗುತ್ತದೆ.